ರಾತ್ರಿಯೆಲ್ಲ ಟೆಲಿಸ್ಕೋಪಿಗೆ ಕಣ್ಣು ಹಚ್ಚಿ ಕೂರಬೇಕಾ? ಕ್ಷುದ್ರಗ್ರಹ ಓದುವವರ ಕೆಲಸ, ಬದುಕು, ಸಂಬಳ

ಪ್ರಶ್ನೆ: ಸರ್, ನಾನು ಗದಗಿನ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ. ಫಿಸಿಕ್ಸ್ ಮತ್ತು ಗಣಿತ ನನ್ನ ವಿಷಯ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಅಪ್ಪನದು ಬೆಟಗೇರಿಯಲ್ಲಿ ಮಗ್ಗದ ಕೆಲಸ. ನನಗೆ ಹೊಸ ಕ್ಷುದ್ರಗ್ರಹ, ಅಂದರೆ ಗ್ರಹಗಳ ಹಾಗೆ ಸೂರ್ಯನನ್ನು ಸುತ್ತುವ ಕಲ್ಲು, ಕಂಡುಹಿಡಿಯುವ ಆಸೆ. ಅಪ್ಪ ಮಾತ್ರ, ‘ಆಕಾಶದಾಗಿನ ಕಲ್ಲು ನೋಡಾಕ ಯಾರ್ ಪಗಾರ ಕೊಡ್ತಾರ, ಸುಮ್ನ ಬಿ.ಎಡ್ ಮಾಡು’ ಅನ್ನುತ್ತಾರೆ. ಈ ಕೆಲಸ ಮಾಡುವವರು ದಿನಾ ಏನು ಮಾಡುತ್ತಾರೆ? ದಿನಾ ರಾತ್ರಿ ಎದ್ದಿರಬೇಕಾ? ನನ್ನಂಥವರಿಗೆ ದಾರಿ ಇದೆಯಾ?

ಉತ್ತರ:

ಮೊದಲು ಆ ಕಣ್ಣು ಹಚ್ಚುವ ವಿಷಯ ಮುಗಿಸಿಬಿಡೋಣ ತಂಗಿ. ಸಂಶೋಧನೆಗೆ ಅಂತ ಇವತ್ತು ಯಾರೂ ಟೆಲಿಸ್ಕೋಪಿಗೆ ಕಣ್ಣು ಹಚ್ಚುವುದಿಲ್ಲ. ಆ ಜಾಗದಲ್ಲಿ ಕ್ಯಾಮೆರಾ ಇರುತ್ತದೆ. ನಾವು ಬೇರೆ ಕೋಣೆಯಲ್ಲಿ, ಎಷ್ಟೋ ಸಲ ಬೇರೆ ಊರಲ್ಲಿ, ಕಂಪ್ಯೂಟರ್ ಮುಂದೆ ಕೂತಿರುತ್ತೇವೆ.

ಇನ್ನು ಹೊಸದನ್ನು ಕಂಡುಹಿಡಿಯುವ ಆಸೆ. ಅದನ್ನು ಸ್ವಲ್ಪ ಪಕ್ಕಕ್ಕಿಡು ಅಂತ ಹೇಳಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡ. ಚಿಲಿ ದೇಶದ ಬೆಟ್ಟದ ಮೇಲೆ ವೆರಾ ರೂಬಿನ್ ವೀಕ್ಷಣಾಲಯ ಅಂತ ಒಂದಿದೆ, 8.4 ಮೀಟರ್ ಕನ್ನಡಿ, 3200 ಮೆಗಾಪಿಕ್ಸೆಲ್ ಕ್ಯಾಮೆರಾ. 2025ರ ಜೂನ್‌ನಲ್ಲಿ ಅವರು ತಮ್ಮ ಮೊದಲ ಚಿತ್ರಗಳನ್ನು ತೋರಿಸಿದರು. ಸುಮಾರು ಹತ್ತು ಗಂಟೆ ಆಕಾಶ ನೋಡಿದ್ದರಲ್ಲೇ 2104 ಹೊಸ ಕ್ಷುದ್ರಗ್ರಹ ಸಿಕ್ಕಿದ್ದವು. ಇಲ್ಲಿಯವರೆಗೆ ಲೆಕ್ಕಕ್ಕೆ ಸಿಕ್ಕಿರುವುದು 14 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಹೆಚ್ಚಿನವನ್ನು ಹಿಡಿದಿದ್ದು ಕಂಪ್ಯೂಟರ್ ಪ್ರೋಗ್ರಾಂಗಳು. ಒಂದೇ ಜಾಗದ ಮೂರು ನಾಲ್ಕು ಫೋಟೋ ತೆಗೆಯುತ್ತವೆ, ನಕ್ಷತ್ರಗಳನ್ನು ಅಳಿಸುತ್ತವೆ, ಸರಿದಾಡಿದ ಚುಕ್ಕೆ ಯಾವುದು ಅಂತ ಗುರುತು ಹಾಕುತ್ತವೆ. ಈ ಓಟದಲ್ಲಿ ನೀನೂ ಗೆಲ್ಲುವುದಿಲ್ಲ, ನಾನೂ ಗೆಲ್ಲುವುದಿಲ್ಲ.

ಹಾಗಾದರೆ ಮನುಷ್ಯರಿಗೆ ಉಳಿದಿದ್ದೇನು? ಅಳತೆ. ಚುಕ್ಕೆ ಸಿಕ್ಕಿತು ಸರಿ, ಅದು ಎಲ್ಲಿಗೆ ಹೊರಟಿದೆ, ಎಷ್ಟು ದೊಡ್ಡದು, ಯಾವುದರಿಂದ ಆಗಿದೆ, ಗಟ್ಟಿ ಬಂಡೆಯೋ ಕಲ್ಲುಗಳ ರಾಶಿಯೋ, ಹೇಗೆ ಸುತ್ತುತ್ತಿದೆ? ಇದರಲ್ಲಿ ಒಂದಾದರೂ ಉತ್ತರ ಸರಿಯಾಗಿ ಗೊತ್ತಿರುವ ಕ್ಷುದ್ರಗ್ರಹಗಳು ಒಟ್ಟು ಲೆಕ್ಕದಲ್ಲಿ ತೀರಾ ಕಡಿಮೆ. ಕೆಲಸ ಇರುವುದು ಅಲ್ಲಿ.

ಇದೇನು ಹೊಸ ಕಥೆ ಅಲ್ಲ. ಮೊದಲ ಕ್ಷುದ್ರಗ್ರಹದ ಕಥೆಯೇ ಹೀಗಿದೆ. 1801ರ ಜನವರಿ 1ರ ರಾತ್ರಿ ಇಟಲಿಯ ಪಲೆರ್ಮೋದಲ್ಲಿ ಜುಸೆಪ್ಪೆ ಪಿಯಾಜಿ ಅನ್ನುವವರು ಸೀರಿಸ್ ಅನ್ನು ಕಂಡರು. ಫೆಬ್ರವರಿವರೆಗೆ ನೋಡಿದರು, ನಡುವೆ ಹುಷಾರು ತಪ್ಪಿದರು, ಅಷ್ಟರಲ್ಲಿ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಮತ್ತೆ ಎಲ್ಲಿ ಹುಡುಕಬೇಕು ಅನ್ನೋದು ಯಾರಿಗೂ ಗೊತ್ತಿಲ್ಲ. ಆಗ ಗೌಸ್ ಅನ್ನುವ 24 ವರ್ಷದ ಹುಡುಗ ಆ ನಾಲ್ಕಾರು ವಾರದ ಅಳತೆಗಳನ್ನೇ ಇಟ್ಟುಕೊಂಡು, ಇಂಥ ಕಡೆ ನೋಡಿ ಅಂತ ಲೆಕ್ಕ ಹಾಕಿ ಹೇಳಿದ. ಅದೇ ವರ್ಷದ ಡಿಸೆಂಬರ್ 31ಕ್ಕೆ ಅಲ್ಲೇ ಹತ್ತಿರದಲ್ಲಿ ಸಿಕ್ಕಿತು. ಇಬ್ಬರಲ್ಲಿ ಯಾರದು ದೊಡ್ಡ ಕೆಲಸ ಅಂತ ಕೇಳಿದರೆ ನಾನು ಗೌಸ್ ಕಡೆ. ಪಿಯಾಜಿಯವರ ಅಳತೆ ಕೆಟ್ಟದಾಗಿದ್ದರೆ ಗೌಸ್ ಏನೂ ಮಾಡಲಾಗುತ್ತಿರಲಿಲ್ಲ ಅನ್ನೋದೂ ನಿಜವೇ.

ನಮ್ಮ ಕಡೆಯಿಂದಲೂ ಹುಡುಕಾಟ ನಡೆದಿದೆ. ಮದ್ರಾಸ್ ವೀಕ್ಷಣಾಲಯದಲ್ಲಿದ್ದ ನಾರ್ಮನ್ ಪಾಗ್ಸನ್ 1861ರಲ್ಲಿ ಒಂದನ್ನು ಕಂಡು ‘ಏಷ್ಯಾ’ ಅಂತಲೇ ಹೆಸರಿಟ್ಟರು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು ಅದು. ಅವರ ಮದ್ರಾಸಿನ ಕೊನೆಯದು 1885ರಲ್ಲಿ. ಆಮೇಲೆ ನೂರು ವರ್ಷ ದಾಟಿ, 1988ರ ಫೆಬ್ರವರಿಯಲ್ಲಿ ತಮಿಳುನಾಡಿನ ಕಾವಲೂರಿನಿಂದ ಆರ್. ರಾಜಮೋಹನ್ ಅವರ ತಂಡ ಒಂದನ್ನು ಹಿಡಿಯಿತು. ಅದೇ 4130 ರಾಮಾನುಜನ್.

ಈಗ ನಿಜವಾದ ಒಂದು ರಾತ್ರಿ ಹೇಗಿರುತ್ತದೆ ಹೇಳುತ್ತೇನೆ. ಭಾರತೀಯ ಖಭೌತ ಸಂಸ್ಥೆಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಲಡಾಖಿನ ಹಾನ್ಲೆಯಲ್ಲಿದೆ. ಸಮುದ್ರ ಮಟ್ಟದಿಂದ ಸುಮಾರು 4500 ಮೀಟರ್ ಮೇಲೆ, ಕನ್ನಡಿ 2 ಮೀಟರ್ ಅಗಲ. ಅದನ್ನು ಓಡಿಸುವ ಕೋಣೆ ಇರುವುದು ಎಲ್ಲಿ ಗೊತ್ತಾ? ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ. ಅಲ್ಲಿ ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ ಇರಬಹುದು, ಇಲ್ಲಿ ನೀನು ಫ್ಯಾನ್ ಹಾಕಿಕೊಂಡು ಚಹಾ ಕುಡಿಯುತ್ತಾ ಕೂತಿರಬಹುದು.

ಸಂಜೆ ಸೂರ್ಯ ಮುಳುಗಿದ ಕೂಡಲೇ ಕೆಲಸ ಶುರು. ಇನ್ನೂ ಪೂರ್ತಿ ಕತ್ತಲಾಗದ ಖಾಲಿ ಆಕಾಶದ ಫೋಟೋ ತೆಗೆಯಬೇಕು. ಇದನ್ನು ಫ್ಲಾಟ್ ಅನ್ನುತ್ತೇವೆ. ಕ್ಯಾಮೆರಾದ ಎಲ್ಲ ಪಿಕ್ಸೆಲ್ಲೂ ಒಂದೇ ಥರ ಬೆಳಕು ಹಿಡಿಯುವುದಿಲ್ಲ, ಮಸೂರದ ಮೇಲೆ ಧೂಳೂ ಇರುತ್ತದೆ, ಆ ಏರುಪೇರನ್ನು ಆಮೇಲೆ ಕಳೆಯಲು ಇದು ಬೇಕು. ಫ್ಲಾಟ್ ತಪ್ಪಿತು ಅಂದರೆ ರಾತ್ರಿಯೆಲ್ಲ ಮಾಡಿದ ಅಳತೆ ಹಾಳು. ಆಮೇಲೆ ಕತ್ತಲಾಗುತ್ತದೆ. ಕ್ಷುದ್ರಗ್ರಹ ಇವತ್ತು ಎಲ್ಲಿದೆ ಅಂತ ಮೊದಲೇ ಲೆಕ್ಕ ತೆಗೆದಿಟ್ಟುಕೊಂಡಿರುತ್ತೇವೆ, ಟೆಲಿಸ್ಕೋಪನ್ನು ಅಲ್ಲಿಗೆ ತಿರುಗಿಸುತ್ತೇವೆ. ಮೊದಲ ಫೋಟೋ ಬರುತ್ತದೆ. ನೂರಾರು ಬಿಳಿ ಚುಕ್ಕೆ. ಯಾವುದು ನಮ್ಮದು? ಹತ್ತು ನಿಮಿಷ ಬಿಟ್ಟು ಇನ್ನೊಂದು ತೆಗೆದು ಎರಡನ್ನೂ ಒಂದಾದ ಮೇಲೊಂದು ಮಿಟುಕಿಸಿ ನೋಡಿದರೆ, ಎಲ್ಲವೂ ನಿಂತಲ್ಲೇ ನಿಂತಿರುತ್ತವೆ, ಒಂದು ಮಾತ್ರ ಪಕ್ಕಕ್ಕೆ ಜಿಗಿಯುತ್ತದೆ. ಎಷ್ಟು ವರ್ಷವಾದರೂ ಆ ಜಿಗಿತ ನೋಡಿದಾಗ ನನಗೆ ಖುಷಿ ಆಗುತ್ತದೆ, ಅದನ್ನು ಮುಚ್ಚಿಡುವುದೇಕೆ.

ಅಲ್ಲಿಂದ ಮುಂದೆ ಬೋರು. ಒಂದೊಂದು ನಿಮಿಷದ ಫೋಟೋ, ಒಂದರ ಹಿಂದೆ ಒಂದು, ಗಂಟೆಗಟ್ಟಲೆ. ಪ್ರತಿ ಫೋಟೋದಲ್ಲೂ ಆ ಚುಕ್ಕೆಯ ಬೆಳಕನ್ನು ಪಕ್ಕದ ನಾಲ್ಕಾರು ನಕ್ಷತ್ರಗಳ ಬೆಳಕಿಗೆ ಹೋಲಿಸುತ್ತೇವೆ. ತೆಳು ಮೋಡ ಬಂದರೆ ಎಲ್ಲವೂ ಒಟ್ಟಿಗೇ ಮಂಕಾಗುತ್ತವೆ, ಹಾಗಾಗಿ ಹೋಲಿಕೆ ತಪ್ಪುವುದಿಲ್ಲ. ಕ್ಷುದ್ರಗ್ರಹ ಉದ್ದುದ್ದ ಆಕಾರದ್ದಾದರೆ ಸುತ್ತುವಾಗ ಅಗಲದ ಬದಿ ನಮ್ಮ ಕಡೆ ಬಂದಾಗ ಬೆಳಕು ಜಾಸ್ತಿ, ತುದಿ ಬಂದಾಗ ಕಡಿಮೆ. ಒಂದು ಸುತ್ತಿಗೆ ಎರಡು ಏರು, ಎರಡು ಇಳಿವು. ಈ ನಕ್ಷೆಗೆ ಲೈಟ್ ಕರ್ವ್ ಅನ್ನುತ್ತಾರೆ. ಇದರಿಂದಲೇ ಅದು ಎಷ್ಟು ಗಂಟೆಗೆ ಒಂದು ಸುತ್ತು ಸುತ್ತುತ್ತದೆ, ಸುಮಾರಾಗಿ ಯಾವ ಆಕಾರದ್ದು ಅಂತ ಹೇಳಬಹುದು. ಎಷ್ಟೇ ದೊಡ್ಡ ಟೆಲಿಸ್ಕೋಪ್ ಇರಲಿ, ಹೆಚ್ಚಿನ ಕ್ಷುದ್ರಗ್ರಹಗಳು ಬರೀ ಚುಕ್ಕೆಯಾಗಿಯೇ ಕಾಣುತ್ತವೆ. ಆ ಚುಕ್ಕೆಯ ಬೆಳಕಿನಿಂದಲೇ ಎಲ್ಲವನ್ನೂ ಎಳೆದು ತೆಗೆಯಬೇಕು.

ಅಂದಹಾಗೆ ಹುಣ್ಣಿಮೆ ಬಂದರೆ ನಮಗೆ ರಜೆ ಇದ್ದ ಹಾಗೆ. ನಮ್ಮ ಹಬ್ಬ ಅಮಾವಾಸ್ಯೆಗೆ. ಹೊಸ ಕೆಲಸಕ್ಕೆ ಅಮಾವಾಸ್ಯೆ ಬೇಡ ಅನ್ನುವ ಮನೆಯಲ್ಲಿ ಬೆಳೆದವನು ನಾನು, ಮುಖ್ಯ ಕೆಲಸವೆಲ್ಲ ಮಾಡಿದ್ದು ಅದೇ ದಿನ.

ಇಂಥ ಒಂದು ಲೈಟ್ ಕರ್ವ್‌ನಿಂದ ಏನು ಉಪಯೋಗ ಅಂತ ನಿಮ್ಮಪ್ಪ ಕೇಳಬಹುದು. ಸಾವಿರಾರು ಲೈಟ್ ಕರ್ವ್ ಕೂಡಿಸಿದಾಗ ಒಂದು ವಿಚಿತ್ರ ಕಂಡಿತು. ಇನ್ನೂರು ಮೀಟರಿಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ 2.2 ಗಂಟೆಗಿಂತ ಬೇಗ ಸುತ್ತುವವು ಹುಡುಕಿದರೂ ಸಿಗುವುದು ಅಪರೂಪ. ಯಾಕೆ ಅಲ್ಲೇ ಗೆರೆ ಎಳೆದ ಹಾಗೆ ನಿಂತಿವೆ? ಅವು ಒಂದೇ ಬಂಡೆ ಆಗಿದ್ದರೆ ಇನ್ನೂ ಬೇಗ ಸುತ್ತಬಹುದಿತ್ತು. ಸಡಿಲ ಕಲ್ಲುಗಳ ರಾಶಿಯಾಗಿ, ಬರೀ ತಮ್ಮ ಗುರುತ್ವದಿಂದ ಹಿಡಿದು ನಿಂತಿದ್ದರೆ ಮಾತ್ರ ಅದಕ್ಕಿಂತ ಬೇಗ ಸುತ್ತಿದಾಗ ಚೆಲ್ಲಾಪಿಲ್ಲಿ ಆಗುತ್ತವೆ. ಅಂದರೆ ಯಾರೂ ಅಲ್ಲಿಗೆ ಹೋಗದೆ, ಬರೀ ಬೆಳಕಿನ ಏರಿಳಿತ ನೋಡಿ, ಇವುಗಳಲ್ಲಿ ಬಹಳಷ್ಟು ಕಲ್ಲಿನ ರಾಶಿ ಅಂತ ಅಂದಾಜು ಮಾಡಿದ್ದರು. 2005ರಲ್ಲಿ ಜಪಾನಿನ ಹಯಬುಸಾ ನೌಕೆ ಇಟೊಕಾವಾ ಅನ್ನುವ ಕ್ಷುದ್ರಗ್ರಹದ ಹತ್ತಿರ ಹೋಗಿ ನೋಡಿದರೆ ನಿಜವಾಗಿಯೂ ಹಾಗೇ ಇತ್ತು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಅನ್ನುವ ಕ್ಷುದ್ರಗ್ರಹಕ್ಕೆ ಕೈ ಚಾಚಿ ಮುಟ್ಟಿದಾಗ ಆ ಕೈ ಅರ್ಧ ಮೀಟರಿನಷ್ಟು ಒಳಗೆ ಇಳಿಯಿತು, ಏನೂ ತಡೆ ಸಿಗಲಿಲ್ಲ. ಅಲ್ಲಿಂದ ತಂದ 121.6 ಗ್ರಾಂ ಮಣ್ಣು 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂತು.

ಇನ್ನೊಂದು ಉದಾಹರಣೆ ಡಾರ್ಟ್. 2022ರ ಸೆಪ್ಟೆಂಬರ್ 26ರಂದು ನಾಸಾ ಒಂದು ನೌಕೆಯನ್ನು ಬೇಕಂತಲೇ ಡೈಮಾರ್ಫೋಸ್ ಅನ್ನುವ ಸುಮಾರು 160 ಮೀಟರಿನ ಕಲ್ಲಿಗೆ ಗುದ್ದಿಸಿತು. ಆ ಕಲ್ಲು ಇನ್ನೊಂದು ದೊಡ್ಡ ಕಲ್ಲನ್ನು 11 ಗಂಟೆ 55 ನಿಮಿಷಕ್ಕೆ ಒಮ್ಮೆ ಸುತ್ತುತ್ತಿತ್ತು. ಗುದ್ದಿದ ಮೇಲೆ ಅದು 11 ಗಂಟೆ 23 ನಿಮಿಷಕ್ಕೆ ಬಂತು. ಪೇಪರಿನಲ್ಲಿ ಗುದ್ದಿದ ಫೋಟೋ ಬಂತು, ಎಲ್ಲರೂ ನೋಡಿದರು. ಆದರೆ ಆ 32 ನಿಮಿಷದ ವ್ಯತ್ಯಾಸ ಮೊದಲು ತಿಳಿದಿದ್ದು ಹೇಗೆ? ಭೂಮಿಯ ಮೇಲಿನ ಟೆಲಿಸ್ಕೋಪ್‌ಗಳಿಂದ ಮತ್ತು ರೇಡಾರಿನಿಂದ. ಒಂದು ಕಲ್ಲು ಇನ್ನೊಂದರ ಮುಂದೆ ಬಂದಾಗ ಬೆಳಕು ಒಂಚೂರು ಇಳಿಯುತ್ತದಲ್ಲ, ಆ ಇಳಿತದ ಹೊತ್ತನ್ನು ಗುರುತು ಹಾಕಿಕೊಂಡು ಕೂತವರಿಂದ. ಅದೇ ಬೋರು ಕೆಲಸ.

ಇನ್ನು ‘ಭೂಮಿಗೆ ಡಿಕ್ಕಿ’ ಸುದ್ದಿ. ಈ ಕೆಲಸಕ್ಕೆ ಬಂದರೆ ಇದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಟಿವಿಯವರು ತಿಂಗಳಿಗೊಮ್ಮೆ ಭೂಮಿ ಮುಗಿಸುತ್ತಾರೆ, ಬೆಳಿಗ್ಗೆ ನಮ್ಮ ಫೋನು ಶುರುವಾಗುತ್ತದೆ. 2024 ವೈಆರ್4 ಅನ್ನುವ ಕ್ಷುದ್ರಗ್ರಹ ನೆನಪಿದೆಯಾ? 2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ ಅಟ್ಲಾಸ್ ಟೆಲಿಸ್ಕೋಪಿಗೆ ಸಿಕ್ಕಿತ್ತು. ಆ ಹೆಸರಿನಲ್ಲೇ ಅದರ ಜಾತಕ ಇದೆ ನೋಡು. ವರ್ಷವನ್ನು ಅರ್ಧರ್ಧ ತಿಂಗಳಾಗಿ 24 ಪಾಲು ಮಾಡಿ ಒಂದೊಂದಕ್ಕೆ ಒಂದು ಇಂಗ್ಲಿಷ್ ಅಕ್ಷರ ಕೊಡುತ್ತಾರೆ, ‘ಐ’ ಅಕ್ಷರ ಬಿಟ್ಟು. ‘ವೈ’ ಅಂದರೆ ಡಿಸೆಂಬರ್ ಎರಡನೇ ಅರ್ಧ. ಎರಡನೇ ಅಕ್ಷರ ಆ ಹದಿನೈದು ದಿನದಲ್ಲಿ ಎಷ್ಟನೆಯದು ಅಂತ ಹೇಳುತ್ತದೆ. 25 ಅಕ್ಷರ ಮುಗಿದರೆ ಪಕ್ಕದಲ್ಲಿ 1 ಹಾಕಿ ಮತ್ತೆ ಮೊದಲಿನಿಂದ. ‘ಆರ್’ ಹದಿನೇಳನೆಯದು, ಪಕ್ಕದಲ್ಲಿ 4 ಇದೆ, ಅಂದರೆ ನಾಲ್ಕು ಸಲ 25, ಅದಕ್ಕೆ 17 ಕೂಡಿಸು. ಆ ಅರ್ಧ ತಿಂಗಳಿನ 117ನೆಯದು.

ಅದು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಮೊದಲು ಒಂದು ಪರ್ಸೆಂಟ್ ಅಂದರು, ಆಮೇಲೆ ಎರಡು, 2025ರ ಫೆಬ್ರವರಿ 18ಕ್ಕೆ 3.1 ಪರ್ಸೆಂಟ್. ಒಂದು ವಾರದೊಳಗೆ ಸೊನ್ನೆಯ ಹತ್ತಿರ ಇಳಿಯಿತು. ‘ವಿಜ್ಞಾನಿಗಳಿಗೇ ಗೊತ್ತಿಲ್ಲ, ದಿನಕ್ಕೊಂದು ಹೇಳುತ್ತಾರೆ’ ಅಂತ ಹುಬ್ಬಳ್ಳಿಯ ಬಸ್ಸಿನಲ್ಲೇ ಒಬ್ಬರು ನನಗೆ ಹೇಳಿದರು. ಹಾಗಲ್ಲ. ಅಳತೆ ಕಡಿಮೆ ಇದ್ದಾಗ ಅದು ಆ ದಿನ ಎಲ್ಲಿರಬಹುದು ಅನ್ನುವ ಜಾಗ ರಿಬ್ಬನ್ನಿನ ಹಾಗೆ ಲಕ್ಷಾಂತರ ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಇರುತ್ತದೆ, ಭೂಮಿ ಆ ಪಟ್ಟಿಯಲ್ಲಿ ಒಂದು ಚಿಕ್ಕ ಭಾಗ. ಹೊಸ ಅಳತೆ ಬಂದ ಹಾಗೆ ಪಟ್ಟಿ ಕುಗ್ಗುತ್ತದೆ. ಭೂಮಿ ಇನ್ನೂ ಪಟ್ಟಿಯೊಳಗೇ ಇದ್ದರೆ ಅದರ ಪಾಲು ದೊಡ್ಡದಾಗುತ್ತದೆ, ಪರ್ಸೆಂಟೇಜ್ ಏರುತ್ತದೆ. ಇನ್ನೂ ಕುಗ್ಗಿ ಭೂಮಿ ಪಟ್ಟಿಯಿಂದ ಹೊರಗೆ ಬಿದ್ದ ದಿನ ಒಮ್ಮೆಲೇ ಇಳಿಯುತ್ತದೆ. ಏರಿದ್ದೂ ಇಳಿದಿದ್ದೂ ಎರಡೂ ಸರಿಯಾದ ಲೆಕ್ಕವೇ. 2004ರ ಡಿಸೆಂಬರ್‌ನಲ್ಲಿ ಅಪೋಫಿಸ್ ಅನ್ನುವ ಕ್ಷುದ್ರಗ್ರಹಕ್ಕೂ ಹೀಗೇ ಆಗಿತ್ತು, 2.7 ಪರ್ಸೆಂಟ್‌ವರೆಗೆ ಹೋಗಿ ಇಳಿಯಿತು. ಆ ಅಪೋಫಿಸ್ 2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರದಲ್ಲಿ 14ರ ನಸುಕಿಗೆ, ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದು ಹೋಗುತ್ತದೆ. ನಮ್ಮ ಟಿವಿ ಉಪಗ್ರಹಗಳಿಗಿಂತ ಹತ್ತಿರ. ಬಡಿಯುವುದಿಲ್ಲ. ಎಲ್ಲ ಅಂದುಕೊಂಡ ಹಾಗೆ ನಡೆದರೆ ಆ ಹೊತ್ತಿಗೆ ಎಂಎಸ್ಸಿಯಲ್ಲಿರುತ್ತೀಯ, ಒಳ್ಳೇ ಸಮಯ.

ಈ ಕೆಲಸಕ್ಕೆ ಯಾರು ಸರಿ ಅಂತ ಕೇಳಿದರೆ, ‘ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ’ ಅನ್ನೋದನ್ನು ಅಂಕಿಯಲ್ಲಿ ಬರೆಯಲು ನಾಚದವರು. ದೊಡ್ಡ ಬುದ್ಧಿವಂತರಿಗಿಂತ ಅಂಥವರೇ ಇಲ್ಲಿ ಬಾಳಿಕೆ ಬರುತ್ತಾರೆ. ಬರೀ ಆಕಾಶ ಚಂದ ಅಂತ ಬಂದವರು ಎರಡನೇ ವರ್ಷಕ್ಕೆ ಸುಸ್ತಾಗುತ್ತಾರೆ, ಇದು ನಾನು ಕಂಡ ಮಾತು.

ವರ್ಷ ಪೂರ್ತಿ ಹೇಗೆ ಹೋಗುತ್ತದೆ? ರಾತ್ರಿ ಎದ್ದಿರುವುದು ವರ್ಷದಲ್ಲಿ ಕೆಲವೇ ವಾರ. ಟೆಲಿಸ್ಕೋಪ್ ನಮ್ಮ ಸ್ವಂತದ್ದಲ್ಲ. ಇಂಥ ಕ್ಷುದ್ರಗ್ರಹ, ಇಂಥ ಕಾರಣಕ್ಕೆ, ಇಷ್ಟು ರಾತ್ರಿ ಬೇಕು ಅಂತ ಅರ್ಜಿ ಬರೆಯಬೇಕು. ಹಾನ್ಲೆಯದಕ್ಕೆ ನಾಲ್ಕು ತಿಂಗಳಿಗೊಂದು ಸುತ್ತು. ಕೇಳಿದವರಿಗೆಲ್ಲ ಸಿಗುವುದಿಲ್ಲ, ಸಿಕ್ಕ ರಾತ್ರಿಯೂ ಮೋಡ ಬಂದರೆ ಹೋಯಿತು, ಬದಲಿ ರಾತ್ರಿ ಕೊಡುವುದಿಲ್ಲ. ಉಳಿದ ದಿನಗಳೆಲ್ಲ ಹಗಲಿನ ಕೆಲಸ. ಡೇಟಾ ಶುಚಿ ಮಾಡುವುದು, ಪೈಥಾನಿನಲ್ಲಿ ಪ್ರೋಗ್ರಾಂ ಬರೆಯುವುದು, ಅದರ ತಪ್ಪು ಹುಡುಕುವುದು, ಪ್ರಬಂಧ ಬರೆಯುವುದು, ವಿಮರ್ಶಕರು ಕೇಳಿದ್ದಕ್ಕೆ ಉತ್ತರ ಬರೆಯುವುದು, ವಿದ್ಯಾರ್ಥಿಗಳಿಗೆ ಕಲಿಸುವುದು. ಈಗಂತೂ ಬಹಳ ಜನ ಟೆಲಿಸ್ಕೋಪ್ ಮುಟ್ಟದೆಯೇ ಕೆಲಸ ಮಾಡುತ್ತಾರೆ. ಯುರೋಪಿನ ಗಾಯಾ ನೌಕೆ 2022ರಲ್ಲಿ 60 ಸಾವಿರಕ್ಕೂ ಜಾಸ್ತಿ ಕ್ಷುದ್ರಗ್ರಹಗಳ ವರ್ಣಪಟಲವನ್ನು, ಅಂದರೆ ಅವುಗಳ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಅಳತೆಯನ್ನು, ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟಿದೆ. ಬೆಟಗೇರಿಯ ಮನೆಯಲ್ಲಿ ಕೂತು ಅದನ್ನು ಇಳಿಸಿಕೊಳ್ಳಬಹುದು.

ಈಗ ಕಹಿ ಮಾತು. ‘ಕ್ಷುದ್ರಗ್ರಹ ವಿಜ್ಞಾನಿ ಬೇಕಾಗಿದ್ದಾರೆ’ ಅಂತ ಭಾರತದಲ್ಲಿ ಜಾಹೀರಾತು ಬರುವುದಿಲ್ಲ. ನಮ್ಮಲ್ಲಿ ಇದನ್ನೇ ಹಿಡಿದು ಕೂತವರು ಬೆರಳೆಣಿಕೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಗ್ರಹವಿಜ್ಞಾನದ ವಿಭಾಗ ಇದೆ, ಉಲ್ಕಾಶಿಲೆಗಳ ಕೆಲಸ ಅಲ್ಲಿ ಬಹಳ ಹಳೆಯದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ನೈನಿತಾಲದ ಏರೀಸ್, ಪುಣೆಯ ಐಯುಕಾ ಅನ್ನುವ ಖಗೋಳ ಸಂಸ್ಥೆಗಳೂ ಇವೆ. ಹಾನ್ಲೆಯಲ್ಲೇ ಐಐಟಿ ಬಾಂಬೆ ಜೊತೆ ಸೇರಿ ನಡೆಸುವ 0.7 ಮೀಟರಿನ ಗ್ರೋತ್-ಇಂಡಿಯಾ ಟೆಲಿಸ್ಕೋಪ್ ಭೂಮಿಯ ಹತ್ತಿರ ಬರುವ ಕ್ಷುದ್ರಗ್ರಹಗಳನ್ನೂ ನೋಡುತ್ತದೆ. ಆದರೆ ಇಲ್ಲೆಲ್ಲ ನಿನ್ನನ್ನು ತೆಗೆದುಕೊಳ್ಳುವುದು ಖಗೋಳ ವಿಜ್ಞಾನಿ ಅಂತ. ಪಿಎಚ್‌ಡಿಗೆ ಸಿಗುವ ಮಾರ್ಗದರ್ಶಕರು ಧೂಮಕೇತುವಿನ ಮೇಲೋ, ನಕ್ಷತ್ರದ ಮೇಲೋ ಕೆಲಸ ಮಾಡುತ್ತಿರಬಹುದು. ಅದಕ್ಕೆ ಮುಖ ತಿರುಗಿಸಬೇಡ. ಅಳೆಯುವ ವಿದ್ಯೆ ಒಂದೇ, ಆಮೇಲೆ ಕಲ್ಲಿನ ಕಡೆ ತಿರುಗಬಹುದು.

ಕಾಲದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಎಂಎಸ್ಸಿ ಎರಡು ವರ್ಷ, ಪಿಎಚ್‌ಡಿ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಅಂತ ಎರಡು ಮೂರು ವರ್ಷದ ತಾತ್ಕಾಲಿಕ ಕೆಲಸ ಒಂದೋ ಎರಡೋ, ಹೆಚ್ಚಾಗಿ ಹೊರದೇಶದಲ್ಲಿ. ಕಾಯಂ ನೌಕರಿ ಸಿಗುವ ಹೊತ್ತಿಗೆ ಮೂವತ್ತೈದರ ಆಸುಪಾಸು. ಮದುವೆ, ಮನೆ ಎಲ್ಲವೂ ಇದರ ನಡುವೆಯೇ ಬರುತ್ತವೆ. ಹುಡುಗಿಯರಿಗೆ ಈ ಹಂತದಲ್ಲಿ ಮನೆಯ ಒತ್ತಡ ಜಾಸ್ತಿ, ಅದು ನಿನಗೂ ಗೊತ್ತಿರುತ್ತದೆ.

ಆದರೆ ಪಗಾರದ ವಿಷಯದಲ್ಲಿ ನಿಮ್ಮಪ್ಪನ ಅಂದಾಜು ತಪ್ಪು. ಪಿಎಚ್‌ಡಿ ಮಾಡುವಾಗ ದುಡ್ಡು ಕೊಡುವುದಲ್ಲ, ಅವರೇ ಕೊಡುತ್ತಾರೆ. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಅದರ ಮೇಲೆ ಮನೆ ಬಾಡಿಗೆ ಭತ್ಯೆ ಅಥವಾ ಹಾಸ್ಟೆಲ್. ಇದನ್ನು ಅವರ ಮುಂದೆ ಇಡು. ‘ಓದಾಕ ಪಗಾರ ಕೊಡ್ತಾರೇನ?’ ಅಂತ ಕೇಳದಿದ್ದರೆ ನನಗೆ ಬರೆ.

ಬಿ.ಎಡ್ ಅನ್ನು ನಾನು ಹಗುರ ಮಾಡುವುದಿಲ್ಲ. ಒಳ್ಳೆ ಮೇಷ್ಟ್ರು ಸಿಗದಿದ್ದರೆ ನಾನೂ ಈ ಕಡೆ ಬರುತ್ತಿರಲಿಲ್ಲ. ಆದರೆ ಈಗಲೇ ಮಾಡಬೇಕಾಗಿಲ್ಲ. ಮೊದಲು ಎಂಎಸ್ಸಿ ಫಿಸಿಕ್ಸ್ ಮಾಡು. ಆಮೇಲೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆ ಒಂದೇ, ಅದರಲ್ಲಿ ಮೇಲಿನ ಸ್ಥಾನ ಬಂದರೆ ಸಂಶೋಧನೆಗೆ ಜೆಆರ್‌ಎಫ್, ಇಲ್ಲದಿದ್ದರೂ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆ. ಕರ್ನಾಟಕದ ಕೆಸೆಟ್ ಪರೀಕ್ಷೆ ಕೂಡ ಆ ಅರ್ಹತೆ ಕೊಡುತ್ತದೆ. ಆಗಲೂ ಪಿಯು ಉಪನ್ಯಾಸಕಿ ಆಗಬೇಕು ಅನಿಸಿದರೆ ಬಿ.ಎಡ್ ಮಾಡಲು ಯಾರೂ ತಡೆಯುವುದಿಲ್ಲ. ಮನೆಯಲ್ಲಿ ಜಗಳ ಆಡುವ ಬದಲು ಹೀಗೆ ಹೇಳಿದರೆ ಒಪ್ಪುತ್ತಾರೆ ಅಂತ ನನ್ನ ಅನುಭವ.

ಎಂಎಸ್ಸಿ ಎಲ್ಲಿ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮನೆಗೆ ಹತ್ತಿರ, ಖರ್ಚೂ ಕಡಿಮೆ. ಅದರ ಜೊತೆಗೆ ಐಐಟಿ ಜ್ಯಾಮ್ ಪರೀಕ್ಷೆ ಬರಿ. ಬಿಎಸ್ಸಿ ಕೊನೆಯ ವರ್ಷದಲ್ಲೇ ಬರೆಯಬಹುದು, ಫೆಬ್ರವರಿಯಲ್ಲಿ ನಡೆಯುತ್ತದೆ, ಅರ್ಜಿ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಸಿಕ್ಕರೆ ಐಐಟಿಯಲ್ಲಿ ಎಂಎಸ್ಸಿ, ಇನ್ನೂ ಚೆನ್ನಾಗಿ ಬಂದರೆ ಎಂಎಸ್ಸಿ-ಪಿಎಚ್‌ಡಿ ಎರಡೂ ಸೇರಿದ ಕೋರ್ಸು. ಎಂಎಸ್ಸಿ ಆದಮೇಲೆ ಜೆಸ್ಟ್, ಗೇಟ್, ಐಯುಕಾದವರ ಪರೀಕ್ಷೆ ಇವೆಲ್ಲ ಇವೆ. ಇಷ್ಟೂ ಪರೀಕ್ಷೆಯಲ್ಲಿ ಕೇಳುವುದು ಖಗೋಳ ವಿಜ್ಞಾನ ಅಲ್ಲ, ಬಿಎಸ್ಸಿ-ಎಂಎಸ್ಸಿಯ ಮಾಮೂಲಿ ಫಿಸಿಕ್ಸ್. ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಂ, ಥರ್ಮೋಡೈನಮಿಕ್ಸ್. ಯೂಟ್ಯೂಬಿನಲ್ಲಿ ಕಪ್ಪು ಕುಳಿ ನೋಡಿ ಖುಷಿ ಪಡುವ ಹೊತ್ತಿನಲ್ಲಿ ಅರ್ಧವನ್ನು ಮೆಕ್ಯಾನಿಕ್ಸ್ ಲೆಕ್ಕಕ್ಕೆ ಕೊಡು.

ಇದೊಂದೇ ದಾರಿ ಅಂತಲೂ ಅಲ್ಲ. ಕ್ಯಾರೊಲಿನ್ ಶೂಮೇಕರ್ ಅನ್ನುವವರು ಓದಿದ್ದು ಇತಿಹಾಸ, ರಾಜ್ಯಶಾಸ್ತ್ರ, ಸಾಹಿತ್ಯ. ಮಕ್ಕಳು ದೊಡ್ಡವರಾದ ಮೇಲೆ, 51ನೇ ವಯಸ್ಸಿನಲ್ಲಿ, ಗಂಡನ ಜೊತೆ ಫೋಟೋ ಫಿಲ್ಮುಗಳನ್ನು ಪರೀಕ್ಷಿಸುವ ಕೆಲಸ ಶುರು ಮಾಡಿದರು. 32 ಧೂಮಕೇತು, ನೂರಾರು ಕ್ಷುದ್ರಗ್ರಹ ಕಂಡುಹಿಡಿದರು. 1994ರಲ್ಲಿ ಗುರುಗ್ರಹಕ್ಕೆ ಬಡಿದ ಶೂಮೇಕರ್-ಲೆವಿ 9 ಧೂಮಕೇತುವಿನ ಹೆಸರಿನಲ್ಲಿ ಅವರ ಹೆಸರೂ ಇದೆ. ವಿಷ್ಣು ರೆಡ್ಡಿ ಭಾರತದಲ್ಲಿ ಪತ್ರಕರ್ತರಾಗಿದ್ದವರು. ಅಮೆರಿಕಕ್ಕೆ ಹೋಗಿ ಹವ್ಯಾಸಿಯಾಗಿ 2002ರಲ್ಲಿ ಒಂದು ಕ್ಷುದ್ರಗ್ರಹ ಹುಡುಕಿದರು, ಅದಕ್ಕೆ ‘ಭಾರತ್’ ಅಂತ ಹೆಸರು. ಆಮೇಲೆ ಪಿಎಚ್‌ಡಿ ಮಾಡಿ, ವೆಸ್ಟಾ ಮತ್ತು ಸೀರಿಸ್‌ಗೆ ಹೋದ ಡಾನ್ ನೌಕೆಯ ತಂಡದಲ್ಲಿ ಕೆಲಸ ಮಾಡಿ, ಈಗ ಅರಿಜೋನಾದಲ್ಲಿ ಪ್ರಾಧ್ಯಾಪಕರು. ಇವು ಅಪರೂಪದ ದಾರಿಗಳು, ನೀನು ಜ್ಯಾಮ್ ಪರೀಕ್ಷೆಯನ್ನೇ ಹಿಡಿ.

ಈ ಸಾಲಿನಲ್ಲಿ ನನಗೆ ತೀರಾ ಇಷ್ಟವಾದದ್ದು ಸುಡಾನಿನ ವಿದ್ಯಾರ್ಥಿಗಳ ಕಥೆ. 2008ರ ಅಕ್ಟೋಬರ್ 6ರಂದು ಅರಿಜೋನಾದಲ್ಲಿ ಸುಮಾರು 4 ಮೀಟರಿನ ಕಲ್ಲೊಂದು ಕಂಡಿತು, 2008 ಟಿಸಿ3. ಲೆಕ್ಕ ಹಾಕಿದರೆ ಇಪ್ಪತ್ತು ಗಂಟೆಯೊಳಗೆ ಭೂಮಿಗೆ ಬಡಿಯುತ್ತದೆ, ಸುಡಾನಿನ ಮರುಭೂಮಿಯ ಮೇಲೆ. ಬಡಿಯುವ ಮೊದಲೇ ಕಂಡ ಮೊಟ್ಟಮೊದಲ ಕ್ಷುದ್ರಗ್ರಹ ಅದು. ಹೇಳಿದ ಹಾಗೇ ಮರುದಿನ ನಸುಕಿನಲ್ಲಿ ಅಲ್ಲೇ ಆಕಾಶದಲ್ಲಿ ಒಡೆಯಿತು. ಎಲ್ಲ ಸುಟ್ಟು ಹೋಗಿರುತ್ತದೆ ಅಂದುಕೊಂಡಿದ್ದರು. ಖಾರ್ಟೂಮ್ ವಿಶ್ವವಿದ್ಯಾಲಯದ ಮೇಷ್ಟ್ರು ಮುವಾವಿಯಾ ಶದ್ದಾದ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರು, ಪೀಟರ್ ಜೆನಿಸ್ಕೆನ್ಸ್ ಅನ್ನುವ ಸಂಶೋಧಕರೂ ಜೊತೆಗಿದ್ದರು. ಹುಡುಗ ಹುಡುಗಿಯರು ಮರಳಿನಲ್ಲಿ ಸಾಲಾಗಿ ನಿಂತು, ನಡುವೆ ಒಂದಿಷ್ಟು ಜಾಗ ಬಿಟ್ಟು, ನೆಲ ನೋಡುತ್ತಾ ನಡೆದರು. ಕಪ್ಪು ಕಲ್ಲು ಸಿಕ್ಕವು. ಒಂದಲ್ಲ, ಕೊನೆಗೆ ನೂರಾರು. ಟೆಲಿಸ್ಕೋಪಿನಲ್ಲಿ ಚುಕ್ಕೆಯಾಗಿ ಅಳೆದ ಅದೇ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ್ದು ಆವತ್ತೇ ಮೊದಲು. ಅವರೆಲ್ಲ ನಿನ್ನಂಥ ಡಿಗ್ರಿ ವಿದ್ಯಾರ್ಥಿಗಳೇ.

ಈಗ ಗದಗಿನಲ್ಲಿ ಕೂತು ಏನು ಮಾಡಬಹುದು? ಮೂರು ವಿಷಯ, ಮೂರಕ್ಕೂ ದೊಡ್ಡ ದುಡ್ಡು ಬೇಕಾಗಿಲ್ಲ. ಪೈಥಾನ್ ಕಲಿ, ಅದರಲ್ಲಿ ಆಸ್ಟ್ರೋಪೈ ಅನ್ನುವ ಪುಕ್ಕಟೆ ಸಲಕರಣೆ ಇದೆ. ಎರಡನೆಯದು, ಐಎಎಸ್‌ಸಿ ಅನ್ನುವ ಅಂತರರಾಷ್ಟ್ರೀಯ ಹುಡುಕಾಟದಲ್ಲಿ ಶಾಲೆ ಕಾಲೇಜಿನ ತಂಡಗಳು ಸೇರಬಹುದು. ಹವಾಯಿಯ ಪ್ಯಾನ್-ಸ್ಟಾರ್ಸ್ ಟೆಲಿಸ್ಕೋಪಿನ ಫೋಟೋಗಳನ್ನು ಕಳಿಸುತ್ತಾರೆ, ಆಸ್ಟ್ರೋಮೆಟ್ರಿಕಾ ಅನ್ನುವ ಸಾಫ್ಟ್‌ವೇರಿನಲ್ಲಿ ತೆರೆದು ಮಿಟುಕಿಸಿ ನೋಡಿ, ಜಿಗಿಯುವ ಚುಕ್ಕೆ ಸಿಕ್ಕರೆ ವರದಿ ಕಳಿಸಬೇಕು. ಕಂಡುಹಿಡಿಯುವ ಆಸೆಯನ್ನು ಪಕ್ಕಕ್ಕಿಡು ಅಂದೆನಲ್ಲ, ಬಿಡು ಅನ್ನಲಿಲ್ಲ. ಪ್ರೋಗ್ರಾಂಗಳ ಕಣ್ಣು ತಪ್ಪಿದ್ದು ಇಲ್ಲಿ ಒಮ್ಮೊಮ್ಮೆ ಸಿಗುತ್ತದೆ. ಸಿಕ್ಕಿದ ಕೂಡಲೇ ಪೇಪರಿನವರನ್ನು ಮಾತ್ರ ಕರೆಯಬೇಡ. ಅದು ಬರೀ ಪ್ರಾಥಮಿಕ ಗುರುತು, ಕಕ್ಷೆ ಗಟ್ಟಿಯಾಗಿ ನಂಬರ್ ಬೀಳಲು ವರ್ಷಗಳೇ ಹಿಡಿಯುತ್ತವೆ. ಹೆಸರು ಸೂಚಿಸುವ ಹಕ್ಕು ಸಿಗುವುದು ಆಮೇಲೆ. 16 ಅಕ್ಷರ ಮೀರಬಾರದು, ರಾಜಕಾರಣಿಗಳದಾದರೆ ತೀರಿಹೋಗಿ ನೂರು ವರ್ಷ ಆಗಿರಬೇಕು. ಪಂಡಿತ್ ಜಸ್‌ರಾಜ್ ಹೆಸರಿನದು ಒಂದಿದೆ, ಅದರ ನಂಬರ್ 300128. ಅವರು ಹುಟ್ಟಿದ್ದು 28-01-30, ತಿರುವಿ ಓದು. ಪಂಚಾಕ್ಷರಿ ಗವಾಯಿಗಳ ಊರಿನವಳಿಗೆ ಹೆಸರಿಗೇನು ಬರ.

ಮೂರನೆಯದು, ಆಕಾಶ ನೋಡು. ಊರೊಳಗಿನ ಬೆಳಕಿನಲ್ಲಿ ಕಷ್ಟ. ಮುಂಡರಗಿ, ಶಿರಹಟ್ಟಿ ಕಡೆ ನೆಂಟರಿದ್ದರೆ ಅವರ ಮಾಳಿಗೆ ಸಾಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ಚೆನ್ನಾಗಿರುತ್ತದೆ, ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳ ಕೆಂಪು ದೀಪಕ್ಕೆ ಬೆನ್ನು ಮಾಡಿ ಕೂತುಕೋ. ವೆಸ್ಟಾ ಅನ್ನುವ ಕ್ಷುದ್ರಗ್ರಹ ಸುಮಾರು ಹದಿನಾರೂವರೆ ತಿಂಗಳಿಗೊಮ್ಮೆ ನಮಗೆ ಹತ್ತಿರ ಬರುತ್ತದೆ, ಆಗ ಸಾದಾ ಬೈನಾಕ್ಯುಲರಿಗೂ ಸಿಗುತ್ತದೆ. ಅದರ ಸುತ್ತಲಿನ ನಕ್ಷತ್ರಗಳನ್ನು ಹಾಳೆಯಲ್ಲಿ ಬರೆದುಕೋ, ಎರಡು ರಾತ್ರಿ ಬಿಟ್ಟು ಮತ್ತೆ ಬರಿ. ಒಂದು ಚುಕ್ಕೆ ಜಾಗ ಬಿಟ್ಟಿರುತ್ತದೆ.

ಇಂಗ್ಲಿಷ್ ಬಗ್ಗೆ ಹೆದರಿಕೊಂಡಿದ್ದೀಯ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಪ್ರಬಂಧ ಬರೆಯುವ ಇಂಗ್ಲಿಷ್ ಚಿಕ್ಕದು, ಅದೇ ಐನೂರು ಪದ ತಿರುಗಿ ಮುರುಗಿ ಬರುತ್ತವೆ, ಓದುತ್ತಾ ಬಂದುಬಿಡುತ್ತದೆ. ಮಾತನಾಡುವುದು ಸ್ವಲ್ಪ ತಡ ಆಗುತ್ತದೆ, ಆಗಲಿ. ರಾತ್ರಿ ಕೆಲಸದ ಬಗ್ಗೆ ಮನೆಯಲ್ಲಿ ಕೇಳಿದರೆ, ವೀಕ್ಷಣಾಲಯದಲ್ಲಿ ಉಳಿಯಲು ಕೋಣೆ, ಊಟ ಇರುತ್ತದೆ, ಸಿಬ್ಬಂದಿ ಜೊತೆಗಿರುತ್ತಾರೆ, ಒಬ್ಬಳೇ ಕತ್ತಲಲ್ಲಿ ಕೂರುವುದಿಲ್ಲ ಅಂತ ಹೇಳು.

ಸದ್ಯಕ್ಕೆ ಒಂದು ಕೆಲಸ ಮಾಡು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಸಂಶೋಧಕರ ಜೊತೆ ಕೆಲಸ ಮಾಡುವ ಫೆಲೋಶಿಪ್ ಕೊಡುತ್ತವೆ, ದುಡ್ಡೂ ಬರುತ್ತದೆ. ಅರ್ಜಿಗೆ ಹಿಂದಿನ ವರ್ಷವೇ ಕರೆಯುತ್ತಾರೆ. ಅದಕ್ಕೆ ನಿಮ್ಮ ಕಾಲೇಜಿನ ಫಿಸಿಕ್ಸ್ ಮೇಡಂ ಅಥವಾ ಸರ್ ಕಡೆಯಿಂದ ಶಿಫಾರಸು ಪತ್ರ ಬೇಕು. ಕೊನೆಯ ದಿನ ಕೇಳಿದರೆ ಯಾರೂ ಚೆನ್ನಾಗಿ ಬರೆದುಕೊಡುವುದಿಲ್ಲ, ಈ ವಾರವೇ ಹೋಗಿ ಮಾತಾಡು.